ಬಾಂತಾಯನ್ ದ್ವೀಪದಲ್ಲಿ ಹತ್ತು ದಿನ: ಮನೆ ಕಟ್ಟುವ ಸ್ವಯಂಸೇವಾ ಶಿಬಿರವೊಂದರ ವಿಮರ್ಶೆ

2024ರ ಜೂನ್ ತಿಂಗಳ ರಜೆಯಲ್ಲಿ ಸಿಂಗಾಪುರದಿಂದ ಹದಿನಾಲ್ಕು ಮಂದಿ ಯುವಕ ಯುವತಿಯರು ಫಿಲಿಪ್ಪೀನ್ಸಿನ ಬಾಂತಾಯನ್ ದ್ವೀಪಕ್ಕೆ ಮನೆ ಕಟ್ಟುವ ಕೆಲಸಕ್ಕೆಂದು ಹೋದಾಗ, ಅವರ ಜೊತೆಗೆ ಹೋದ ಇಬ್ಬರು ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆ. ತಂಡದಲ್ಲಿ ಐವರು ಕನ್ನಡದ ಮನೆಗಳ ಮಕ್ಕಳು. ಅವರಲ್ಲಿ ನನ್ನ ಮಗಳೂ ಇದ್ದಳು. ಇಪ್ಪತ್ತೆರಡು ವರ್ಷಗಳಿಂದ ಕಟ್ಟಡದ ಕೆಲಸದಲ್ಲಿರುವ ಸಿವಿಲ್ ಎಂಜಿನಿಯರನಾದ ನನಗೆ ಇಂಥ ಶಿಬಿರಗಳ ಬಗ್ಗೆ ಮೊದಲಿನಿಂದಲೂ ಒಂದು ಅನುಮಾನವಿತ್ತು. ಕರಣೆ ಹಿಡಿದು ಗೊತ್ತಿಲ್ಲದ ಮಕ್ಕಳು ಎಬ್ಬಿಸಿದ ಗೋಡೆಯ ಪಕ್ಕದಲ್ಲಿ ಮಲಗುವವರು ಬೇರೆ ಯಾರೋ ಆಗಿರುವಾಗ, ಆ ಗೋಡೆಗೆ ಜವಾಬ್ದಾರರು ಯಾರು? ಈ ಪ್ರಶ್ನೆಯನ್ನು ಹೊತ್ತುಕೊಂಡೇ ಹೋದೆನಾದ್ದರಿಂದ, ಈ ವಿಮರ್ಶೆಯಲ್ಲಿ ಸಮುದ್ರತೀರದ ವರ್ಣನೆಗಿಂತ ಗಾರೆಯ ವಿಷಯವೇ ಹೆಚ್ಚಾಗಿದ್ದರೆ ಓದುಗರು ಮನ್ನಿಸಬೇಕು.

ಈಗ ಬರೆಯುವುದಕ್ಕೆ ಕಾರಣವಿದೆ. 2025ರ ಸೆಪ್ಟೆಂಬರ್ 30ರ ರಾತ್ರಿ, ಬಾಂತಾಯನ್ ಕೂಡ ಸೇರಿರುವ ಸೆಬು ಪ್ರಾಂತ್ಯದ ಉತ್ತರ ಭಾಗದ ಬೋಗೊ ನಗರದ ಹತ್ತಿರ 6.9 ತೀವ್ರತೆಯ ಭೂಕಂಪವಾದ ಮೇಲೆ, ಪರಿಚಯದ ಅನೇಕ ತಂದೆತಾಯಿಯರು ಆ ಭಾಗದ ಶಿಬಿರಗಳಿಗೆ ಮಕ್ಕಳನ್ನು ಕಳಿಸಬಹುದೇ ಎಂದು ಕೇಳತೊಡಗಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅದೇ ಮಾತನ್ನು ಹೇಳುವ ಬದಲು ಒಂದೇ ಕಡೆ ಬರೆದಿಡೋಣವೆನಿಸಿತು. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ನೋಡಿದ್ದು ಒಂದು ತಂಡ, ಒಂದು ಊರು, ಹತ್ತು ದಿನ. ಅಷ್ಟನ್ನೇ ಆಧಾರವಾಗಿಟ್ಟುಕೊಂಡು ಒಂದು ಹೆಸರಿಗೆ ಮಸಿ ಬಳಿಯುವುದೂ ಸರಿಯಲ್ಲ, ಹಾರ ಹಾಕುವುದೂ ಸರಿಯಲ್ಲ.

ವಿಮಾನದ ಖರ್ಚು ಬಿಟ್ಟು ತಲೆಗೆ 950 ಸಿಂಗಾಪುರ ಡಾಲರ್ ಶುಲ್ಕ. ಸೆಬು ನಗರದಿಂದ ಹೋಗಿಬರುವ ಬಸ್ಸು, ಹಡಗು, ವಸತಿ, ಊಟ, ವಿಮೆ ಇವೆಲ್ಲ ಅದರಲ್ಲಿ ಸೇರಿದ್ದವು. ಜೊತೆಗೆ ‘ಸಾಮಗ್ರಿಗೆ ದೇಣಿಗೆ’ ಎಂಬ ಒಂದು ಬಾಬ್ತೂ ಇತ್ತು. ಈ ಕೊನೆಯ ಬಾಬ್ತು ಎಷ್ಟು ಎಂಬುದನ್ನು ತಿಳಿಯಲು ನಾನು ಮೂರು ಸಲ ಪತ್ರ ಬರೆಯಬೇಕಾಯಿತು. ಕೊನೆಗೆ ಬಂದ ಉತ್ತರದ ಪ್ರಕಾರ ಪ್ರತಿಯೊಬ್ಬರ ಶುಲ್ಕದಲ್ಲಿ 360 ಡಾಲರ್ ಸಾಮಗ್ರಿಗೂ ಊರಿನ ಕೆಲಸಗಾರರ ಕೂಲಿಗೂ ಹೋಗುತ್ತದೆ. ಹದಿನಾಲ್ಕು ಜನರದ್ದು ಸೇರಿಸಿದರೆ ಎರಡು ಲಕ್ಷ ಪೆಸೊಗಿಂತ ಸ್ವಲ್ಪ ಹೆಚ್ಚಾಗುತ್ತದೆ, ಅಂದರೆ ಅಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಬೆಲೆಯ ಬಹುಪಾಲು. ಇದು ತಲೆತಗ್ಗಿಸುವಂಥ ಲೆಕ್ಕವೇನಲ್ಲ. ಹಾಗಿದ್ದ ಮೇಲೆ ಮೊದಲ ಪತ್ರಕ್ಕೇ ಉತ್ತರಿಸದೆ ಏಕೆ ಸತಾಯಿಸಿದರೋ ತಿಳಿಯದು.

ಸೆಬು ನಗರದ ಉತ್ತರ ಬಸ್ ನಿಲ್ದಾಣದಿಂದ ಹಗ್ನಾಯ ಬಂದರಿಗೆ ನಾಲ್ಕು ಗಂಟೆ, ಅಲ್ಲಿಂದ ಬಾಂತಾಯನ್ ದ್ವೀಪದ ಸಾಂತಾ ಫೆ ಬಂದರಿಗೆ ಹಡಗಿನಲ್ಲಿ ಒಂದೂಕಾಲು ಗಂಟೆ. ಪ್ರಯಾಣದ ವ್ಯವಸ್ಥೆಯಲ್ಲಿ ಕುಂದು ಹೇಳುವಂಥದ್ದು ಏನೂ ಇರಲಿಲ್ಲ.

ಹೊರಡುವ ಮೊದಲು ನಡೆದ ಪರಿಚಯದ ಸಭೆಯಲ್ಲಿ ಸಂಸ್ಥೆಯವರು ಒಂದು ಮುಖ್ಯವಾದ ವಿಷಯವನ್ನು ಹೇಳಲೇ ಇಲ್ಲ. ಅದನ್ನು ನಾನೇ ಊರಿನವರಿಂದ ಕೇಳಿ ತಿಳಿಯಬೇಕಾಯಿತು. 2013ರ ನವೆಂಬರ್ 8ರಂದು ಬೀಸಿದ ಹೈಯಾನ್ ಚಂಡಮಾರುತ, ಅಲ್ಲಿಯವರು ಯೊಲಾಂಡ ಎಂದು ಕರೆಯುವುದು, ಪೂರ್ವ ಸಮಾರ್‌ನ ಗಿವಾನ್‌ನಲ್ಲಿ ನೆಲಕ್ಕಪ್ಪಳಿಸಿ, ಲೇಟೆಯನ್ನು ಹಾದು, ಉತ್ತರ ಸೆಬುವಿನ ದಾನ್‌ಬಾಂತಾಯನ್ ಮತ್ತು ಈ ಬಾಂತಾಯನ್ ದ್ವೀಪದ ಮೇಲೆಯೇ ಹಾಯ್ದುಹೋಯಿತು. ದೇಶದಲ್ಲಿ ಒಟ್ಟು 6,300 ಮಂದಿ ಸತ್ತರೆಂಬುದು ಸರ್ಕಾರದ ಲೆಕ್ಕ. ಹಾನಿಗೊಂಡ ಮನೆಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿತ್ತು. ಇದಾಗಿ ಹತ್ತು ವರ್ಷ ಕಳೆದರೂ ಮನೆ ಕಟ್ಟುವುದು ಇನ್ನೂ ಮುಗಿದಿಲ್ಲವೇಕೆ ಎಂದು ನಮ್ಮ ತಂಡದ ಹುಡುಗನೊಬ್ಬ ಮೊದಲ ದಿನವೇ ಕೇಳಿದ. ಇದಕ್ಕೆ ಉತ್ತರ ಗಾಳಿಯಲ್ಲಿಲ್ಲ, ನೆಲದಲ್ಲಿದೆ. 1981ರಲ್ಲಿ ಅಂದಿನ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೊಸ್ ಹೊರಡಿಸಿದ ಒಂದು ಘೋಷಣೆಯಿಂದ ಬಾಂತಾಯನ್ ದ್ವೀಪ ಸಂರಕ್ಷಿತ ವನ್ಯಪ್ರದೇಶದ ಪಟ್ಟಿಗೆ ಸೇರಿಹೋಯಿತು. ಹಾಗಾಗಿ ತಲೆಮಾರುಗಳಿಂದ ಅಲ್ಲೇ ಬಾಳಿದವರಿಗೂ ನೆಲದ ಹಕ್ಕುಪತ್ರ ಸಿಗುವುದು ದುಸ್ತರವಾಯಿತು. ಇದರ ಮೇಲೆ, ಯೊಲಾಂಡದ ನಂತರ ಸಮುದ್ರದಿಂದ 40 ಮೀಟರ್ ಒಳಗೆ ವಾಸದ ಮನೆ ಕೂಡದೆಂಬ ನಿಯಮವೂ ಬಂತು. ಮೀನುಗಾರನಿಗೆ ತನ್ನ ದೋಣಿ ಕಣ್ಣಿಗೆ ಬೀಳುವಂತಿರಬೇಕು, ನೆಲಕ್ಕೆ ಕಾಗದವಿಲ್ಲ, ಕಾಗದವಿಲ್ಲದ ನೆಲದಲ್ಲಿ ಮನೆ ಕಟ್ಟಿಕೊಡಲು ದಾನಿಗಳು ಹಿಂಜರಿಯುತ್ತಾರೆ. ಬಗರ್‌ಹುಕುಂ ಸಾಗುವಳಿಯ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರನ್ನು ಕಂಡಿರುವ ನಮಗೆ ಈ ಕಥೆ ಬಹಳ ವಿವರಿಸಬೇಕಾದದ್ದಲ್ಲ.

ನಮ್ಮ ಸಂಸ್ಥೆ ಒಂಬತ್ತು ಮನೆಗಳಿಗಾಗಿ ದಡದಿಂದ ಮುನ್ನೂರು ಮೀಟರ್ ದೂರದಲ್ಲಿ ಒಂದು ತುಂಡು ಜಾಗವನ್ನು ಇಪ್ಪತ್ತೈದು ವರ್ಷಗಳ ಅನುಭೋಗದ ಕರಾರಿನಲ್ಲಿ ಪಡೆದಿತ್ತು. ಕರಾರಿನ ಪ್ರತಿಯನ್ನು ಕೇಳಿದಾಗ ಬರಾಂಗಾಯ್ ಕಚೇರಿಯಲ್ಲಿ (ನಮ್ಮ ಗ್ರಾಮ ಪಂಚಾಯಿತಿ ಎಂದಿಟ್ಟುಕೊಳ್ಳಿ) ಮುಖ್ಯಸ್ಥರಾದ ಕಪಿತಾನ್ ಅವರೇ ತೋರಿಸಿದರು. ಇಪ್ಪತ್ತೈದು ವರ್ಷದ ನಂತರ ಏನು ಎಂಬ ಪ್ರಶ್ನೆಗೆ ಅವರೂ ನಕ್ಕರು, ನಾನೂ ನಕ್ಕೆ. ಆದರೂ ಕಾಗದವೆಂಬುದೊಂದು ಇತ್ತು, ಮತ್ತು ಅದನ್ನು ಕೇಳಿದವರಿಗೆ ತೋರಿಸುತ್ತಿದ್ದರು ಎಂಬುದನ್ನು ಸಂಸ್ಥೆಯ ಪರವಾಗಿಯೇ ಬರೆದುಕೊಳ್ಳುತ್ತೇನೆ.

ಮನೆಯ ನಕ್ಷೆ ನನಗೆ ಮೆಚ್ಚುಗೆಯಾಯಿತು. ಒಟ್ಟು 24 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 258 ಚದರಡಿ. ಸೊಂಟದೆತ್ತರದವರೆಗೆ, ಅಂದರೆ ಆರು ವರಸೆ, ಹಾಲೋ ಬ್ಲಾಕಿನ ಗೋಡೆ. ಅದರ ಮೇಲೆ ಮರದ ಚೌಕಟ್ಟಿಗೆ ಹೊಡೆದ ಅಮಾಕಾನ್. ಅಮಾಕಾನ್ ಎಂದರೆ ಬಿದಿರಿನ ಸೀಳುಗಳನ್ನು ಹೆಣೆದ ತಟ್ಟಿ. ನಮ್ಮ ಕಡೆಯ ತಟ್ಟಿಗಿಂತ ಹೆಣಿಗೆ ಬಿಗಿ, ನೋಡಲೂ ಚೆಂದ. ಚಾವಣಿಗೆ ನಾಲ್ಕೂ ಕಡೆ ಇಳಿಜಾರಿರುವ ಸತುವಿನ ತಗಡು. ಗಾಳಿ ಯಾವ ದಿಕ್ಕಿನಿಂದ ಬಂದರೂ ಎತ್ತಿ ಹಿಡಿಯುವಂಥ ಬರಿಯ ಮುಖ ಸಿಗದಿರಲೆಂದು ನಾಲ್ಕು ಇಳಿಜಾರು, ಭೂಮಿ ನಡುಗಿದರೆ ಮೇಲಿನ ಭಾರ ಕಡಿಮೆಯಿರಲೆಂದು ತಟ್ಟಿ. ಅಡಿಪಾಯದಿಂದ ಚಾವಣಿಯ ತೊಲೆಯವರೆಗೂ ಕಬ್ಬಿಣದ ಕಂಬಿ ಮತ್ತು ಪಟ್ಟಿಗಳಿಂದ ಒಂದನ್ನೊಂದು ಬಿಗಿಯುತ್ತ ಬರಬೇಕೆಂಬುದು ಯೊಲಾಂಡ ಕಲಿಸಿದ ಪಾಠ. ಅದರ ಚಿತ್ರಗಳಿದ್ದ ಭಿತ್ತಿಪತ್ರವೊಂದನ್ನು ಸಾಮಾನು ಕೋಣೆಯ ಬಾಗಿಲಿಗೇ ಅಂಟಿಸಿದ್ದರು.

ಚೌಕಟ್ಟಿನ ಮರ ಮಾತ್ರ ತೆಂಗಿನದು. ಯೊಲಾಂಡ ಉರುಳಿಸಿದ ಕೋಟ್ಯಂತರ ತೆಂಗಿನ ಮರಗಳನ್ನು ಸೀಳಿ ಮನೆಗೆ ಬಳಸತೊಡಗಿದಾಗಿನಿಂದ ಕೋಕೊ ಲಂಬರ್‌ಗೆ ಅಲ್ಲಿ ಬೇಡಿಕೆ ಇನ್ನೂ ಹೆಚ್ಚಿತಂತೆ. ತಿಪಟೂರಿನ ಕಡೆಯವನಾದ ನನಗೆ ತೆಂಗಿನ ತೊಲೆಯ ಗುಣ ಗೊತ್ತು: ಬುಡದ ಕಡೆಯ ಹೊರಮೈ ಕಲ್ಲಿನಂತೆ, ಒಳಗಿನ ತಿರುಳು ಹೊಟ್ಟಿನಂತೆ. ಅಲ್ಲಿಗೆ ಬಂದಿದ್ದ ತೊಲೆಗಳಲ್ಲಿ ನಾಲ್ಕೈದು ಬರೀ ತಿರುಳೇ ಆಗಿದ್ದವು. ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿತ್ತು. ತೋರಿಸಿದೆ. ಮೇಸ್ತ್ರಿ ಒಂದೂ ಮಾತಾಡದೆ ಅವನ್ನು ಬೇರೆ ಮಾಡಿ ಸಾರುವೆಗೆ ಇಟ್ಟುಕೊಂಡರು.

ಆ ಮೇಸ್ತ್ರಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ಸೇವೆಯಲ್ಲಿ ಬೆಲೆಬಾಳುವುದು ಏನಾದರೂ ಇದ್ದರೆ ಅದು ಅವರೇ. ಅಲ್ಲಿ ಬಡಗಿಯನ್ನೂ ಗಾರೆಯವನನ್ನೂ ಪಾಂದಾಯ್ ಎನ್ನುತ್ತಾರೆ. ಅವರೆಲ್ಲರ ಮುಖ್ಯಸ್ಥನನ್ನು ಮಾಯೆಸ್ತ್ರೊ ಎಂದು ಕರೆಯುವುದುಂಟು. ನಮ್ಮ ಮೇಸ್ತ್ರಿ ಪೋರ್ಚುಗೀಸರಿಂದ ಬಂದ ಪದ, ಅವರ ಮಾಯೆಸ್ತ್ರೊ ಸ್ಪೇನಿನವರಿಂದ ಬಂದದ್ದು. ನಮ್ಮ ಮೇಜೂ ಅವರ ಲಾಮೆಸವೂ ಹೀಗೆಯೇ ದಾಯಾದಿಗಳು. ಐವತ್ತೈದು ದಾಟಿದ ಆ ಮನುಷ್ಯನ ಕೈಕೆಳಗೆ ಊರಿನವರೇ ಆದ ನಾಲ್ವರು ಕೆಲಸಗಾರರಿದ್ದರು. ದಿನಗೂಲಿ ಮೇಸ್ತ್ರಿಗೆ 700 ಪೆಸೊ, ಉಳಿದವರಿಗೆ 500. ತಂಡ ಇರಲಿ ಇಲ್ಲದಿರಲಿ ಅವರ ಕೆಲಸ ನಡೆಯುತ್ತದೆ. ಸ್ವಯಂಸೇವಕರು ಬಂದಾಗ ಅವರಿಗೆ ಕೈಯಾಳುಗಳು ಸಿಕ್ಕಂತಾಗುತ್ತದೆ, ಅಷ್ಟೇ. ಬಿಟ್ಟಿ ಕೆಲಸದವರು ಬಂದರೆಂದು ಊರಿನವನ ಕೂಲಿ ತಪ್ಪುವುದಿಲ್ಲ ಎಂಬುದನ್ನು ನಾನು ಒಬ್ಬೊಬ್ಬರನ್ನೂ ಕೇಳಿ ಖಚಿತಪಡಿಸಿಕೊಂಡೆ.

ಮೊದಲ ಬೆಳಿಗ್ಗೆ ಮಕ್ಕಳಿಗೆಲ್ಲ ಕರಣೆ ಹಿಡಿದು ಗೋಡೆ ಕಟ್ಟುವ ಆಸೆ. ಮೇಸ್ತ್ರಿ ಯಾರಿಗೂ ಕರಣೆ ಕೊಡಲಿಲ್ಲ. ಎಂಟೊಂಬತ್ತು ಕಿಲೋ ತೂಗುವ ಬ್ಲಾಕುಗಳನ್ನು ರಸ್ತೆಯಿಂದ ಒಳಗೆ ಸಾಗಿಸುವುದು, ಮರಳು ಜರಡಿ ಹಿಡಿಯುವುದು, ಸಲಿಕೆಯಿಂದ ಗಾರೆ ಕಲಸುವುದು, ಬಕೆಟ್ಟಿನಲ್ಲಿ ತುಂಬಿ ಕೈಯಿಂದ ಕೈಗೆ ದಾಟಿಸುವುದು: ಎರಡು ದಿನ ಇಷ್ಟೇ. ಒಂದೇ ಸಲಕ್ಕೆ ಮೂರು ಬ್ಲಾಕು ಎತ್ತಿಕೊಂಡು ಹೊರಟಿದ್ದ ಹುಡುಗನೊಬ್ಬ ಹನ್ನೊಂದು ಗಂಟೆಯ ಹೊತ್ತಿಗೆ ಒಂದಕ್ಕೆ ಇಳಿದಿದ್ದ. ಹಿನಾಯ್ ಹಿನಾಯ್, ಎಂದರು ಮೇಸ್ತ್ರಿ. ನಿಧಾನ, ನಿಧಾನ ಎಂದರ್ಥ. ದ್ವೀಪದವರು ತಮ್ಮೊಳಗೆ ಆಡುವುದು ಬಾಂತಾಯನೋನ್ ಎಂಬ ಬೇರೆಯೇ ನುಡಿ, ಹೊರಗಿನವರೊಡನೆ ಸೆಬುವಾನೊ; ಈ ಎರಡರಲ್ಲೂ ನಮ್ಮ ಮಕ್ಕಳಿಗೆ ಕೊನೆಯವರೆಗೂ ಚೆನ್ನಾಗಿ ಬಂದದ್ದು ಇದೊಂದೇ ಮಾತು.

ಮೂರನೆಯ ದಿನ ಕಂಬಿ ಕಟ್ಟುವುದನ್ನು ಕಲಿಸಿದರು. ಕಲಿಸಿದವಳು ಆ ಮನೆಗೇ ಬರಲಿದ್ದ ತಾಯಿ. ಎಲ್ಲರೂ ಅವಳನ್ನು ನಾನಾಯ್, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು. ಫಿಲಿಪ್ಪೀನ್ಸಿನದೇ ಚಳವಳಿಯಾಗಿ 1990ರ ದಶಕದಲ್ಲಿ ಮನಿಲಾ ಮಹಾನಗರದ ಬಾಗೊಂಗ್ ಸಿಲಾಂಗ್‌ನಲ್ಲಿ ಮೊಳಕೆಯೊಡೆದು 2006ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಗವಾಡ್ ಕಲಿಂಗ ಸಂಸ್ಥೆಯಲ್ಲಿ, ಮನೆ ಪಡೆಯುವ ಕುಟುಂಬವೂ ಬೆವರು ಸುರಿಸಬೇಕೆಂಬ ಪದ್ಧತಿಯಿದೆ. ನಾವು ಹೋದದ್ದು ಅವರ ಶಿಬಿರವಲ್ಲದಿದ್ದರೂ ಇಲ್ಲಿಯೂ ಅದೇ ಕಟ್ಟಳೆ ಇತ್ತು. ನಾನಾಯ್ ಎಡಗೈಯಲ್ಲಿ ತಂತಿಯನ್ನು ಮಡಿಸಿ, ಕಂಬಿಗಳು ಕೂಡುವ ಕಡೆ ಓರೆಯಾಗಿ ಸುತ್ತಿ, ಬಗ್ಗಿಸಿದ ಮೊಳೆಯೊಂದನ್ನು ಕುಣಿಕೆಗೆ ಹಾಕಿ ಎರಡೂವರೆ ಸುತ್ತು ತಿರುಗಿಸುತ್ತಿದ್ದಳು. ಮೂರನೆಯ ಸುತ್ತಿಗೆ ತಂತಿ ತುಂಡಾಗುತ್ತದೆ, ಎರಡಕ್ಕೆ ಸಡಿಲವಾಗುತ್ತದೆ. ನನ್ನ ಮಗಳು ಹನ್ನೆರಡು ತಂತಿಗಳನ್ನು ತುಂಡು ಮಾಡಿದ ಮೇಲೆ ಹದಿಮೂರನೆಯದು ಕೂತಿತು. ಸೈಟಿನಲ್ಲಿ ಇಪ್ಪತ್ತೆರಡು ವರ್ಷ ಕಳೆದ ನನಗೂ ಈ ಎರಡೂವರೆ ಸುತ್ತಿನ ಲೆಕ್ಕವನ್ನು ಯಾರೂ ಇಷ್ಟು ಖಚಿತವಾಗಿ ಹೇಳಿಕೊಟ್ಟಿರಲಿಲ್ಲ.

ಗೋಡೆಯನ್ನು ಕಟ್ಟಿದ್ದು ಊರಿನ ಗಾರೆಯವರು. ಮಕ್ಕಳು ಬ್ಲಾಕು ಕೊಟ್ಟರು, ಗಾರೆ ಕೊಟ್ಟರು, ಬ್ಲಾಕಿನ ತೂತುಗಳಿಗೆ ಕಾಂಕ್ರೀಟ್ ಸುರಿದು ಕಂಬಿಯಿಂದ ಕುಟ್ಟಿದರು. ಐದನೆಯ ದಿನದಿಂದ ಇಬ್ಬಿಬ್ಬರಿಗೆ ಕರಣೆ ಸಿಕ್ಕಿತು, ಅದೂ ಕಿಟಕಿಯ ಕೆಳಗಿನ ಭಾರವಿಲ್ಲದ ಭಾಗದಲ್ಲಿ, ಪ್ರತಿ ವರಸೆಗೂ ಮೇಸ್ತ್ರಿಯ ರಸಮಟ್ಟ ಮತ್ತು ತೂಗುಗುಂಡಿನ ಪರೀಕ್ಷೆಯೊಂದಿಗೆ. ಎರಡು ಸಲ ಬಿಚ್ಚಿಸಿದರು. ಬಿಚ್ಚಿಸಿದ್ದು ಮಕ್ಕಳ ಎದುರಿಗೇ, ಗಾರೆ ಹಸಿಯಿರುವಾಗಲೇ. ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ: ತಪ್ಪಿದರೆ ತಿದ್ದಬಹುದಾದ ಕೆಲಸವನ್ನಷ್ಟೇ ಸ್ವಯಂಸೇವಕರಿಗೆ ಕೊಡುವ ವಿವೇಕ ಆ ಮೇಸ್ತ್ರಿಗಿತ್ತು. ಇದು ಸಂಸ್ಥೆಯ ನಿಯಮವೋ ಆ ಮನುಷ್ಯನ ಗುಣವೋ ಎಂದು ವ್ಯವಸ್ಥಾಪಕರನ್ನು ಕೇಳಿದಾಗ ಬರಹದಲ್ಲಿ ಅಂಥ ನಿಯಮವೇನೂ ಇಲ್ಲವೆಂದು ಒಪ್ಪಿಕೊಂಡರು. ನನ್ನ ದೃಷ್ಟಿಯಲ್ಲಿ ಈ ಸೇವೆಯ ದೊಡ್ಡ ಕೊರತೆ ಇದೇ. ಮೇಸ್ತ್ರಿ ಬದಲಾದರೆ ಎಲ್ಲವೂ ಬದಲಾಗಬಹುದು.

ಆರನೆಯ ದಿನದ ಮರಳಿನ ಪ್ರಸಂಗವನ್ನು ಇದಕ್ಕೆ ಪುರಾವೆಯಾಗಿ ಹೇಳಬಹುದು. ನೈಋತ್ಯದ ಮಳೆಗಾಳಿಗೆ ಅಲ್ಲಿ ಹಬಾಗಾತ್ ಎನ್ನುತ್ತಾರೆ. ಅದು ಜೋರಾಗಿ ಸಣ್ಣ ದೋಣಿಗಳನ್ನು ತಡೆದುಬಿಟ್ಟಿದ್ದರಿಂದ ಸೆಬುವಿನಿಂದ ಬರಬೇಕಿದ್ದ ಮರಳು ಬರಲಿಲ್ಲ. ಮುನ್ನೂರು ಮೀಟರ್ ದೂರದಲ್ಲಿ ಹಿಟ್ಟಿನಂಥ ಬಿಳಿ ಮರಳಿನ ದಡವಿದೆ. ಹೇಗೂ ಮಕ್ಕಳು ಖಾಲಿ ಕೂತಿದ್ದಾರೆ, ನಾಲ್ಕು ಚೀಲ ತಂದು ಕೆಲಸ ಸಾಗಿಸೋಣ ಎಂದು ಸಂಸ್ಥೆಯ ಯುವ ಸಂಯೋಜಕ ಸಲಹೆ ಕೊಟ್ಟ. ಮೇಸ್ತ್ರಿ ತಲೆಯಾಡಿಸಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಗೋಡೆಯ ಚೂರೊಂದನ್ನು ತಂದು ನಮ್ಮ ಮುಂದೆ ಇಟ್ಟರು. ಸುತ್ತಿಗೆಯಿಂದ ಒಂದೇಟು ಹೊಡೆದಾಗ ಒಳಗಿನ ಕಂಬಿ ಕೆಂಪು ಪುಡಿಯಾಗಿ ಉದುರಿತು. ಸಮುದ್ರದ ಮರಳಿನ ಉಪ್ಪು ಕಬ್ಬಿಣವನ್ನು ಒಳಗಿಂದಲೇ ತಿನ್ನುತ್ತದೆ ಎಂದು ನಾನು ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದರೂ ಮಕ್ಕಳಿಗೆ ಅಷ್ಟು ತಟ್ಟುತ್ತಿರಲಿಲ್ಲ. ಆ ದಿನ ಗಾರೆ ಕೆಲಸ ನಿಂತಿತು. ಎಲ್ಲರೂ ಕೂತು ಅಮಾಕಾನ್ ತಟ್ಟಿಗಳಿಗೆ ಹುಳು ಹಿಡಿಯದಂತೆ ಔಷಧಿ ಬಳಿದೆವು.

ವಸತಿ ಬರಾಂಗಾಯ್ ಸಭಾಂಗಣದಲ್ಲಿ, ನೆಲದ ಮೇಲೆ ಚಾಪೆ, ಸೊಳ್ಳೆ ಪರದೆ. ಸ್ನಾನಕ್ಕೆ ಬಕೆಟ್ಟು. ಇದರಲ್ಲಿ ದೂರುವಂಥದ್ದೇನಿಲ್ಲ. ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಮೊದಲೇ ಒತ್ತಿ ಹೇಳಬೇಕು. ಹೆಸರುಕಾಳಿನ ಸಾರಿಗೂ ಒಣಮೀನಿನ ಚೂರು ಬೀಳುವ ನಾಡು ಅದು, ಬಾಂತಾಯನ್ ಒಣಮೀನಿಗೂ ಕೋಳಿಮೊಟ್ಟೆಗೂ ಹೆಸರಾದ ದ್ವೀಪ. ಮೂರನೆಯ ದಿನದಿಂದ ನಮ್ಮ ಐವರಿಗಾಗಿ ಬೇರೆ ಪಾತ್ರೆಯಲ್ಲಿ ಮಲುಂಗಾಯ್ ಸೊಪ್ಪಿನ ಸಾರು ಬರತೊಡಗಿತು. ಮಲುಂಗಾಯ್ ಬೇರೇನೂ ಅಲ್ಲ, ನಮ್ಮ ನುಗ್ಗೆ. ಸೊಪ್ಪು ತಿನ್ನುತ್ತಾರೆ, ಕಾಯಿ ಮರದಲ್ಲೇ ಒಣಗುತ್ತಿತ್ತು. ನಮ್ಮ ತಂಡದ ಒಬ್ಬ ಹುಡುಗಿ ನುಗ್ಗೆಕಾಯಿ ಹಾಕಿ ಬೇಳೆ ಸಾರು ಮಾಡಿ ಬಡಿಸಿದಾಗ ಊರಿನವರು ಅಗಿದು ಉಗಿಯುವ ಆ ಕ್ರಮವನ್ನು ಕಂಡು ಬಹಳ ಹೊತ್ತು ನಕ್ಕರು.

ಈಗ ದೂರುಗಳು. ಕೈಗವಸುಗಳು ಎಲ್ಲವೂ ಒಂದೇ ಅಳತೆಯವು, ದೊಡ್ಡವು. ಸಣ್ಣ ಕೈಯವರು ಅವನ್ನು ಹಾಕಿಕೊಂಡು ಬ್ಲಾಕು ಹಿಡಿದರೆ ಜಾರುತ್ತಿತ್ತು, ಹಾಕದೆ ಹಿಡಿದರೆ ತೊಗಲು ಕಿತ್ತುಬರುತ್ತಿತ್ತು. ಹೆಲ್ಮೆಟ್ಟು ಹದಿನಾರಕ್ಕೆ ಒಂಬತ್ತು ಇದ್ದವು. ಚಾವಣಿಯ ಕೆಲಸ ನಡೆಯುವಾಗ ಹೆಲ್ಮೆಟ್ಟಿಲ್ಲದವರನ್ನು ಕೆಳಗೆ ನಿಲ್ಲಿಸಿದ್ದನ್ನು ನಾನು ಜಗಳವಾಡಿಯೇ ತಪ್ಪಿಸಬೇಕಾಯಿತು. ಹತ್ತು ದಿನಗಳಲ್ಲಿ ಒಂದು ಇಡೀ ದಿನವನ್ನು ದ್ವೀಪವಿಹಾರಕ್ಕೆ ಎತ್ತಿಟ್ಟಿದ್ದರು. ಮಕ್ಕಳಿಗೆ ಅದು ಬೇಕಿತ್ತೆಂದು ಒಪ್ಪುತ್ತೇನೆ, ಆದರೆ ಮರಳಿನಿಂದಾಗಿ ಒಂದು ದಿನ ಹೋದ ಮೇಲೆ ವಿಹಾರವನ್ನು ಅರ್ಧಕ್ಕೆ ಇಳಿಸಬಹುದಿತ್ತು.

ಇವೆಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ಕಸಿವಿಸಿಯಾದದ್ದು ಕೊನೆಯ ದಿನದ ಸಮಾರಂಭ. ಶೌಚಾಲಯದ ಗುಂಡಿ ತೋಡಿದ್ದರೂ ಮುಚ್ಚಳ ಹಾಕಿರಲಿಲ್ಲ, ಕೋಣೆಗೆ ಬಾಗಿಲಿರಲಿಲ್ಲ, ಆದರೂ ರಿಬ್ಬನ್ ಕಟ್ಟಿ ಬೀಗದ ಕೈ ಹಸ್ತಾಂತರಿಸುವ ಫೋಟೋ ತೆಗೆಸಿದರು. ನಾನಾಯ್‌ಳನ್ನು ಮುಂದೆ ನಿಲ್ಲಿಸಿ ಧನ್ಯವಾದ ಹೇಳಲು ಹೇಳಿದರು. ಅವಳು ಹೇಳಿದಳು. ಕಾಗದದಲ್ಲಿ ಬರೆದುಕೊಟ್ಟದ್ದನ್ನು ನೋಡಿ ಓದಿದಳು. ಅಷ್ಟು ದಿನವೂ ನಮ್ಮ ಜೊತೆಗೆ ಕಂಬಿ ಕಟ್ಟಿದವಳು ಕೊನೆಯ ದಿನ ಏಕಾಏಕಿ ದಾನ ಪಡೆಯುವವಳಾಗಿ ನಿಂತದ್ದು ನನ್ನ ಮಗಳಿಗೂ ಸರಿಬರಲಿಲ್ಲ. ಮನೆಯನ್ನೇ ಬಿದಿರಿನ ಬೊಂಬುಗಳ ಮೇಲೆ ಹೊತ್ತು ಊರಿನವರೆಲ್ಲ ಸೇರಿ ಸಾಗಿಸುವ ಬಾಯಾನಿಹಾನ್ ಎಂಬ ಪದ್ಧತಿ ಆ ನಾಡಿನದು. ಹೊತ್ತವರಿಗೆ ಮನೆಯವರು ಊಟ ಹಾಕುತ್ತಾರೆ, ಭಾಷಣ ಮಾಡುವುದಿಲ್ಲ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯಲ್ಲೂ ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಲೆಕ್ಕವಷ್ಟೇ. ಈ ಸಮಾರಂಭ ನಡೆಸಿದವರಿಗೆ ತಮ್ಮದೇ ನಾಡಿನ ಆ ರೀತಿ ಮರೆತುಹೋದಂತೆ ಕಂಡಿತು. ಹಿಂದಿರುಗಿದ ಮೇಲೆ ಇದನ್ನು ಸಂಸ್ಥೆಗೆ ಬರೆದು ತಿಳಿಸಿದೆ. ದಾನಿಗಳಿಗೆ ಚಿತ್ರಗಳು ಬೇಕಾಗುತ್ತವೆ ಎಂಬ ಉತ್ತರ ಬಂತು. ಶೌಚಾಲಯದ ಬಾಗಿಲು ಏಳು ವಾರಗಳ ನಂತರ ಬಂತೆಂದು ಕಪಿತಾನ್ ಅವರ ಸಂದೇಶದಿಂದ ತಿಳಿಯಿತು.

ಭೂಕಂಪದ ಮಾರನೆಯ ಬೆಳಿಗ್ಗೆ ನಾನು ಅದೇ ಕಪಿತಾನ್ ಅವರಿಗೆ ಸಂದೇಶ ಕಳಿಸಿದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಒಂದು ಚಿತ್ರ ಬಂತು: ಕಿಟಕಿಯ ಕೆಳಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಒಂದು ಕೂದಲೆಳೆಯ ಬಿರುಕು, ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ಪೆಸೊ ನಾಣ್ಯ. ದೊಡ್ಡದು ಮಾಡಿ ನೋಡಿದೆ. ಬಿರುಕು ಗಾರೆಯ ಸಂದಿನಲ್ಲೇ ಹರಿದಿತ್ತು, ಬ್ಲಾಕು ಒಡೆದಿರಲಿಲ್ಲ. ಅದು ನಮ್ಮ ಮಕ್ಕಳಿಗೆ ಕರಣೆ ಕೊಟ್ಟ ಆ ಭಾರವಿಲ್ಲದ ಭಾಗವೇ ಆಗಿತ್ತು. ಮೇಸ್ತ್ರಿಯ ಕೈಯ ಮೂಲೆಗಳು ಹಾಗೇ ಇದ್ದವು. ಸಂದಿಯನ್ನು ಕೆರೆದು ಹೊಸ ಗಾರೆ ತುಂಬಿದರೆ ಸಾಕೆಂದು ಬರೆದೆ. ಅಷ್ಟರೊಳಗೆ ಮೇಸ್ತ್ರಿ ತುಂಬಿಯಾಗಿತ್ತಂತೆ.

ಹೋಗಲಿಚ್ಛಿಸುವವರಿಗೆ ಕೆಲವು ಮಾತು. ಹಣ ಕಟ್ಟುವ ಮೊದಲು ಶುಲ್ಕದ ಬಾಬ್ತುವಾರು ಲೆಕ್ಕ, ನೆಲದ ಕರಾರಿನ ಪ್ರತಿ, ಮೇಸ್ತ್ರಿ ಊರಿನವನೇ, ತಂಡ ಇಲ್ಲದ ತಿಂಗಳಲ್ಲಿಯೂ ಅವನಿಗೆ ಕೂಲಿಯುಂಟೇ ಎಂಬ ಉತ್ತರ, ಈ ಮೂರನ್ನು ಬರಹದಲ್ಲಿ ಕೇಳಿ. 2025ರ ಜೂನ್‌ನಿಂದ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಫಿಲಿಪ್ಪೀನ್ಸಿನಲ್ಲಿ 14 ದಿನಗಳ ಪ್ರವಾಸಕ್ಕೆ ವೀಸಾ ಬೇಕಿಲ್ಲ. ಆದರೆ ಆ ಸೌಲಭ್ಯ ಇರುವುದು ಪ್ರವಾಸಕ್ಕಾದ್ದರಿಂದ ಶಿಬಿರದ ಕೆಲಸಕ್ಕೆ ಅದು ಸಾಕೇ ಎಂಬುದನ್ನು ಸಂಸ್ಥೆಯಿಂದಲೇ ಪತ್ರದಲ್ಲಿ ಪಡೆಯುವುದು ಕ್ಷೇಮ. ಜೂನ್‌ನಿಂದ ಅಕ್ಟೋಬರಿನವರೆಗಿನ ಹಬಾಗಾತ್ ತಿಂಗಳುಗಳಲ್ಲಿ ಹೋಗುವವರು ಹಿಂದಿರುಗುವ ವಿಮಾನಕ್ಕೆ ಎರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಬೇಕು.

ಐದಕ್ಕೆ ಎಷ್ಟು ಎಂದು ಕೇಳಿದರೆ, ಮೇಸ್ತ್ರಿಗೂ ನಕ್ಷೆಗೂ ಐದು, ಸಂಸ್ಥೆಯ ಕಚೇರಿಗೆ ಎರಡೂವರೆ ಕೊಡುತ್ತೇನೆ. ನನ್ನ ಮಗಳು ಮುಂದಿನ ಜೂನಿನ ತಂಡಕ್ಕೆ ಹೆಸರು ಕೊಟ್ಟಿದ್ದಾಳೆ. ಹೆಸರು ಕೊಡುವ ಮೊದಲು ಅದೇ ಮೇಸ್ತ್ರಿ ಇದ್ದಾರೆಯೇ ಎಂದು ಕೇಳಿ ತಿಳಿದುಕೊಂಡಳು. ಕೈಗವಸನ್ನು ಈ ಸಲ ಇಲ್ಲಿಂದಲೇ, ಸಣ್ಣ ಅಳತೆಯದು, ಹತ್ತು ಜೊತೆ ಕೊಂಡಿಟ್ಟಿದ್ದೇವೆ.